ಈರಣ್ಣನ ವಾಯರ್ ಕೆಟ್ಟಿರಲಿಲ್ಲ

ನಮ್ಮ ಹಿತ್ತಲಿನ ಕ್ಯಾಮೆರಾ ತಾನಾಗಿ ಒಂದು ದಿನವೂ ಕೆಟ್ಟಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅದರ ವಾಯರನ್ನು ಕೀಳುತ್ತಿದ್ದವಳು ನಾನು. ಇಲಿ ಕಡಿದಿರಲಿಲ್ಲ, ಅಳಿಲು ಕಡಿದಿರಲಿಲ್ಲ, ಬಿಸಿಲಿಗೆ ಏನೂ ಸೀಳಿರಲಿಲ್ಲ. ಸಂಶಿಯ ಈರಣ್ಣನ ಕೆಲಸದಲ್ಲಿ ಎಳ್ಳಷ್ಟೂ ಐಬು ಇರಲಿಲ್ಲ. ಇದು ಗೊತ್ತಿದ್ದವಳು ಊರಲ್ಲಿ ನಾನೊಬ್ಬಳೇ, ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ — ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಇದನ್ನು ಬರೆಯುವಾಗ ಕಣ್ಣಲ್ಲಿ ನೀರು ಬರಬೇಕು. ನನಗೋ ನಡುನಡುವೆ ನಗು ಬರುತ್ತಿದೆ. ಏನು ಮಾಡಲಿ — ತಪ್ಪು ಮಾಡಿದ ಆ ದಿನಗಳೇ ನನ್ನ ಬಾಳಿನ ಅಗದಿ ಸುಖದ ದಿನಗಳಾಗಿದ್ದವು. ಅದನ್ನು ಮುಚ್ಚಿಟ್ಟು ಬರೀ ಪಶ್ಚಾತ್ತಾಪ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕುಂದಗೋಳ ತಾಲೂಕಿನಲ್ಲಿ, ಸಂಶಿಗೆ ಹತ್ತಿರದ ಹಳ್ಳಿ ನಮ್ಮದು. ನಮ್ಮವರಿಗೆ ಕುಂದಗೋಳದಲ್ಲಿ ಬೀಜ-ಗೊಬ್ಬರದ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಗಂಗವ್ವ, ಇಬ್ಬರೇ. ಅತ್ತೆ ಅರವತ್ತು ದಾಟಿದವರು, ಮಡಿಯಲ್ಲಿ ಬಿಗಿ, ಮಾತಿನಲ್ಲಿ ಅದಕ್ಕಿಂತ ಬಿಗಿ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳದೆ ಅವರ ಸ್ವಂತ ಮಗ ಕೂಡ ದೇವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ದಿನವೇ ಕಲಿತ ಪಾಠ ಅದು.

ಒಂದು ಸುಗ್ಗಿಯಲ್ಲಿ ಹಿತ್ತಲಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಯಾರೋ ಚೀಲಸಮೇತ ಹೊತ್ತುಕೊಂಡು ಹೋದರು. ನಮ್ಮವರು ಮರುವಾರವೇ ಈರಣ್ಣನನ್ನು ಕರೆಸಿದರು. ಸಂಶಿಯ ಬಸ್ ನಿಲ್ದಾಣದ ಹತ್ತಿರ ಅವನದೊಂದು ಅಂಗಡಿ. ಮೊಬೈಲ್ ರಿಪೇರಿ, ಜೊತೆಗೆ ಆಗಷ್ಟೇ ಶುರುಮಾಡಿದ್ದ ಕ್ಯಾಮೆರಾ ಕೆಲಸ. ಭಾರಿ ಮಾತುಗಾರ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳಲು ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ‘ನನ್ನ ಕೈಗುಣ ಹಂಗೈತ್ರಿ, ಒಮ್ಮೆ ಕೂಡಿಸಿದ್ರ ಮುಗೀತು’ ಎನ್ನುವುದು ಅವನ ಪಲ್ಲವಿ.

ಅಂಗಳಕ್ಕೊಂದು, ಕೊಟ್ಟಿಗೆಗೊಂದು ಕ್ಯಾಮೆರಾ. ಮೂರನೆಯದನ್ನು ಹಾಕಬೇಕಾದದ್ದು ಹಿತ್ತಲಿನ ತುದಿಯ ಕಂಬಕ್ಕೆ. ಅಲ್ಲಿ ಕರೆಂಟಿನ ಸುಳಿವೇ ಇಲ್ಲ. ಅಲ್ಲಿಗೆ ಪ್ಲಗ್ಗು ಎಲ್ಲಿಂದ ತರುತ್ತೀ ಎಂದು ಕೇಳಿದಾಗ ಈರಣ್ಣ ಹೆಗಲ ಮೇಲಿನ ವಾಯರ್ ಸುರುಳಿಯನ್ನು ತಟ್ಟಿ ತೋರಿಸಿದ.

“ಇದೊಂದ ಸಾಕ್ರೀ. ಇದರಾಗ ಚಿತ್ರ ಈ ಕಡೆ ಬರ್ತೈತಿ, ಕರೆಂಟ್ ಆ ಕಡೆ ಹೋಗ್ತೈತಿ. ಒಳಗ ಒಂದ ಡಬ್ಬಿ ಇಡೂದು, ಡಬ್ಬಿಗೆ ಕರೆಂಟ್ ಕೊಡೂದು. ಮುಂದ ಎಲ್ಲಾ ಈ ವಾಯರ್‌ದ್ದ ಕೆಲಸ.”

“ಎದುರಾಬದುರ ಬಂದ ಹಾಯೂದಿಲ್ಲೇನೋ ಅವು?” ಎಂದರು ಅತ್ತೆ.

“ಇಲ್ರೀ ಅಮ್ಮಾರ, ನಮ್ಮ ಮಂದೀಗಿಂತ ಶಾಣ್ಯಾ ಅದಾವು.”

ಅತ್ತೆಗೆ ಅವನು ಆ ಕ್ಷಣವೇ ಹಿಡಿಸಿಬಿಟ್ಟ. ಆದರೆ ಡಬ್ಬಿ ಎಲ್ಲಿಡುವುದು? ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ, ಹಾಗಾಗಿ ಡಬ್ಬಿಗೆ ಇನ್ವರ್ಟರ್ ಬೇಕು. ಇನ್ವರ್ಟರ್ ಪಾಯಿಂಟು ಖಾಲಿ ಇದ್ದದ್ದು ದೇವರ ಕೋಣೆಯಲ್ಲಿ ಮಾತ್ರ — ದೇವರು ಕತ್ತಲೆಯಲ್ಲಿ ಕೂರಬಾರದೆಂದು ಅತ್ತೆ ಹಟಹಿಡಿದು ಹಾಕಿಸಿದ್ದು. ಪಡಸಾಲೆಗೆ ಹೊಸ ಲೈನ್ ಎಳೆಯುತ್ತೇನೆಂದು ಈರಣ್ಣ ಹೇಳಿದ. ಅತ್ತೆಯೇ ಬೇಡವೆಂದರು. “ದೇವರ ಜಗಲಿ ಬಾಜೂಕ ಇಡು. ಅಲ್ಲೆ ಯಾರೂ ಕೈ ಹಚ್ಚೂದಿಲ್ಲ.”

ಸರಿ, ಆದರೆ ಇಡುವವನು ಒಳಗೆ ಹೋಗಬೇಕಲ್ಲ! ಬಚ್ಚಲಲ್ಲಿ ಈರಣ್ಣನಿಗೆ ಬಿಸಿನೀರು ತೋಡಿಟ್ಟೆ. ಅವನು ಸ್ನಾನ ಮಾಡಿ, ನಮ್ಮವರ ಮಡಿಪಂಜೆ ಉಟ್ಟು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಕೈಯಲ್ಲಿ ಇಕ್ಕಳ ಹಿಡಿದು ಹೊರಬಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, “ಪೂಜಾಕ್ಕ ಬಂದ ಸ್ವಾಮಿಗೋಳು ಇಕ್ಕಳಾ ತಂದಿದ್ದು ಇದ ಮೊದಲಸಲ” ಎಂದರು. ಈರಣ್ಣ ನಕ್ಕು ನಕ್ಕು ಪಂಜೆ ಸಡಿಲಾಯಿತು. ಆ ದಿನ ನಮ್ಮಲ್ಲೇ ಉಂಡು ಹೋದ. ಇಂಥವನಿಗೆ ನಾನು ಅನ್ಯಾಯ ಮಾಡಿದೆ ನೋಡಿ.

ಮುಂದಿನ ಕಥೆಗೆ ನನ್ನ ಬ್ಯಾಟರಿ ಸ್ಕೂಟಿ ಕಾರಣ. ಮಹಿಳಾ ಸಂಘದ ಸಭೆಗೆ, ಸಂತೆಗೆ ಅದರ ಮೇಲೆಯೇ ನನ್ನ ಓಡಾಟ. ಒಂದು ದಿನ ಅದನ್ನು ಒರೆಸುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಸೀಟಿನ ಮೇಲೆ ಕೈಯಾಡಿಸಿದರು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಮೆಲ್ಲಗೆ ಹೇಳಿದರು:

“ನನಗೂ ಇದನ್ನ ಕಲಸ ಬೇ, ಶೈಲಾ.”

ನಾನು ತಮಾಷೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. “ಲಗ್ನ ಆದಾಗಿಂದ ಯಾರದರೆ ಬೆನ್ನ ಹಿಂದ ಕುಂತ ತಿರಗೀನಿ. ಮಂದಿ ಬೆನ್ನ ನೋಡಿ ನೋಡಿ ಸಾಕಾಗೈತಿ. ಒಮ್ಮೆ ದಾರಿ ನೋಡಬೇಕು.”

ಅತ್ತೆಯ ತವರು ಬಮ್ಮಿಗಟ್ಟಿ. ಹುಡುಗಿಯಾಗಿದ್ದಾಗ ಅಪ್ಪನ ಎತ್ತಿನ ಚಕ್ಕಡಿ ಹೊಡೆದವರಂತೆ. ಅಂಥವರು ಈಗ ಪಕ್ಕದೂರಿನ ತಂಗಿಯನ್ನು ನೋಡಿಬರಲು ಮಗನ ಬಿಡುವಿಗೆ ಕಾಯಬೇಕು. ರಾತ್ರಿ ಊಟಕ್ಕೆ ಕುಳಿತಾಗ ಈ ಮಾತನ್ನು ತೆಗೆದೆ. ನಮ್ಮವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. “ಈ ವಯಸ್ಸಿನ್ಯಾಗ? ಕೈಕಾಲ ಮುರಕೊಂಡ್ರ? ಏನೂ ಬ್ಯಾಡ.” ಅಮ್ಮನ ಮೇಲಿನ ಪ್ರೀತಿಯಿಂದಲೇ ಹಾಗೆಂದರು, ಆದರೆ ಅತ್ತೆ ಆಮೇಲೆ ಒಂದು ತುತ್ತನ್ನೂ ಸರಿಯಾಗಿ ಉಣ್ಣಲಿಲ್ಲ.

ಕದ್ದು ಕಲಿಸೋಣವೆಂದರೆ ಕ್ಯಾಮೆರಾ. ಉಳಿದ ಮೆಣಸಿನಕಾಯಿ ಮಾರಿ ಹಿತ್ತಲು ಖಾಲಿಯಾಗಿ ಬಿದ್ದಿತ್ತು, ಸ್ಕೂಟಿ ತಿರುಗಿಸಲು ಅದಕ್ಕಿಂತ ಒಳ್ಳೆ ಜಾಗ ಇನ್ನಿಲ್ಲ. ಆದರೆ ನಮ್ಮವರಿಗೆ ಮಧ್ಯಾಹ್ನ ಗಿರಾಕಿ ಕಡಿಮೆ. ಊಟದ ಡಬ್ಬಿ ಬಿಚ್ಚಿ ಉಣ್ಣುತ್ತ ಮೊಬೈಲನ್ನು ಎದುರಿಗೆ ಒರಗಿಸಿಕೊಂಡು ಹಿತ್ತಲು ನೋಡುವುದು ರೂಢಿಯಾಗಿತ್ತು. “ಅದು ನೋಡಾಕತ್ತಿದ್ರ ನಾ ಹತ್ತೂದಿಲ್ಲ” ಎಂದು ಅತ್ತೆ ಕೈ ಚೆಲ್ಲಿದರು.

ಆಗ ನನಗೆ ಈರಣ್ಣನ ಮಾತು ನೆನಪಾಯಿತು — ಹೋಗುವುದೂ ಬರುವುದೂ ಒಂದೇ ವಾಯರ್. ಅದನ್ನು ಡಬ್ಬಿಯಿಂದ ತೆಗೆದರೆ ಕರೆಂಟೂ ಇಲ್ಲ, ಚಿತ್ರವೂ ಇಲ್ಲ. ಕಂಬ ಹತ್ತಬೇಕಿಲ್ಲ. ಅಂಗಳದ ಕ್ಯಾಮೆರಾ, ಕೊಟ್ಟಿಗೆಯ ಕ್ಯಾಮೆರಾ ಅವುಗಳ ಪಾಡಿಗೆ ನಡೆಯುತ್ತವೆ. ಹಿತ್ತಲಿನದ್ದೊಂದು ಕಣ್ಣು ಮುಚ್ಚುತ್ತದೆ. ಆದರೆ ಡಬ್ಬಿ ಇದ್ದದ್ದು ದೇವರ ಕೋಣೆಯಲ್ಲಿ. ನಾನು ಬೆಳಿಗ್ಗೆ ಸ್ನಾನ ಮಾಡಿ ಪೂಜೆ ಮುಗಿಸಿದವಳು, ಆಮೇಲೆ ಸೆಗಣಿ ಬಳಿದು, ದನಕ್ಕೆ ಹೊಟ್ಟು ಹಾಕಿ, ಮುಸುರೆ ತಿಕ್ಕಿದ ಮೈ. ಹಾಗೆ ಒಳಗೆ ಹೋಗುವುದೆಂದರೆ —

ಮೊದಲು ಹೊಸ್ತಿಲಾಚೆಯೇ ನಿಂತು ಉದ್ದ ಕೋಲಿನಿಂದ ಎಳೆಯಲು ನೋಡಿದೆ. ವಾಯರ್ ತುದಿಯ ಪಿನ್ನಿಗೊಂದು ಸಣ್ಣ ನಾಲಿಗೆ ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿದರೇನೇ ಬಿಡುತ್ತದೆ. ಕೋಲಿಗೆ ಅದೆಲ್ಲಿ ಬಗ್ಗೀತು? ಗಂಟೆಯೊಂದು ಉರುಳಿ ಬಿತ್ತು ಅಷ್ಟೇ, ಪುಣ್ಯಕ್ಕೆ ಹೊರಗಿದ್ದ ಅತ್ತೆಗೆ ಕೇಳಿಸಲಿಲ್ಲ. ಕೊನೆಗೆ ಸೆರಗು ಬಿಗಿದು, ಕಣ್ಣು ಮುಚ್ಚಿ, ‘ತಪ್ಪಾತಪ್ಪಾ’ ಎನ್ನುತ್ತ ಒಳಗೆ ಕಾಲಿಟ್ಟೆ. ಪಿನ್ ಕಿತ್ತೆ. ಹೊರಗೆ ಓಡಿಬಂದು ಅತ್ತೆಗೆ ಹೇಳಿದೆ: “ಅತ್ತ್ಯಾರ, ಹಿತ್ತಲದ ಕ್ಯಾಮೆರಾ ಕೆಟ್ಟೈತ್ರಿ!”

“ಖರೇನ?” ಎಂದರು ಅತ್ತೆ. ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅತ್ತೆ ಸ್ಕೂಟಿ ಕಲಿತ ಆ ಮಧ್ಯಾಹ್ನಗಳು! ಸೀರೆಯ ನೆರಿಗೆಯನ್ನು ಕಚ್ಚೆಯಂತೆ ಹಿಂದಕ್ಕೆ ಸಿಕ್ಕಿಸಿ ಹತ್ತಿದರು. ಹ್ಯಾಂಡಲ್ ಹಿಡಿದ ಕೂಡಲೇ ಬಮ್ಮಿಗಟ್ಟಿಯ ಹುಡುಗಿ ಎಚ್ಚೆತ್ತಳೆಂದು ಕಾಣುತ್ತದೆ — ಗಾಡಿ ಮುಂದೆ ಹೋಗಲೆಂದು ನಾಲಿಗೆಯಿಂದ ಲೊಟ್ಟೆ ಹೊಡೆದರು. ಹೋಯಿತು. ನಿಲ್ಲಿಸಬೇಕಾದಾಗ ಬ್ರೇಕ್ ಎಂಬುದು ನೆನಪಾಗಲಿಲ್ಲ, “ಹೋ ಹೋ ಹೋ” ಎಂದು ಎತ್ತಿಗೆ ಹೇಳಿದಂತೆ ಸ್ಕೂಟಿಗೆ ಹೇಳಿದರು. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಸ್ಕೂಟಿ ನೇರ ಹೊಟ್ಟಿನ ಬಣವಿಯೊಳಗೆ ನುಗ್ಗಿತು. ನಾನು ಎದೆ ಹಿಡಿದುಕೊಂಡು ಓಡಿದರೆ, ತಲೆತುಂಬ ಹೊಟ್ಟು ತುಂಬಿಕೊಂಡ ಅತ್ತೆ ಒಳಗಿನಿಂದಲೇ, “ಮೇಯಾಕ ಬಂದೈತಿ ನೋಡ ಬೇ ಇದು!” ಎಂದರು. ಇಬ್ಬರೂ ಅಲ್ಲೇ ಕುಸಿದು ಕುಳಿತು ನಕ್ಕೆವು. ಅತ್ತೆ-ಸೊಸೆ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆ ಮನೆಯಲ್ಲಿ ಅದೇ ಮೊದಲು. ಅಲ್ಲಿಯವರೆಗೆ ನಾನು ಅವರಿಗೆ ಹೆದರುತ್ತಿದ್ದೆ.

ಒಂದೇ ದಿನವೆಂದು ಶುರುವಾದದ್ದು ರೂಢಿಯಾಯಿತು. ಊಟದ ಹೊತ್ತಿಗೆ ಅತ್ತೆ, ಕಾಯಿಲೆಯವರನ್ನು ವಿಚಾರಿಸುವಂತೆ, ಕೇಳುವರು: “ಇವತ್ತ ಹ್ಯಾಂಗೈತಿ ಅದರ ಪ್ರಕೃತಿ?” ನಾನು ಗಂಭೀರವಾಗಿ, “ಭಾಳ ನಾಜೂಕೈತ್ರಿ” ಎನ್ನುವೆ. ಕ್ಯಾಮೆರಾ ಹೊತ್ತಿಗೆ ಸರಿಯಾಗಿ ಕೆಡುವುದು ಶಿವನ ಕೃಪೆಯೆಂದೇ ಅತ್ತೆ ನಂಬಿದ್ದರು. ಕೆಲವೊಮ್ಮೆ ಅನುಮಾನದ ನೋಟವೊಂದು ನನ್ನ ಮೇಲೆ ಹಾಯುತ್ತಿತ್ತು. ಆದರೆ ತಮ್ಮ ಸೊಸೆ ಮೈಲಿಗೆಯಲ್ಲಿ ದೇವರ ಕೋಣೆ ಹೊಕ್ಕಾಳು ಎಂಬುದು ಅವರ ಕನಸಿಗೂ ಬರುವ ಸಂಗತಿಯಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನು ದಿನಾ ಆ ಹೊಸ್ತಿಲು ದಾಟುತ್ತಿದ್ದೆ.

ಅತ್ತ ಕುಂದಗೋಳದಲ್ಲಿ ನಮ್ಮವರ ಮೊಬೈಲಿನಲ್ಲಿ ಹಿತ್ತಲು ಕಪ್ಪಾದಾಗಲೆಲ್ಲ ಈರಣ್ಣನಿಗೆ ಫೋನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ — ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ. ಪಾಪ, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವಷ್ಟರಲ್ಲಿ ನಾನು ಪಿನ್ ಮತ್ತೆ ಸಿಕ್ಕಿಸಿರುತ್ತಿದ್ದೆ. ಕ್ಯಾಮೆರಾ ಅವನನ್ನೇ ನೋಡುತ್ತ ನೆಟ್ಟಗೆ ನಡೆಯುತ್ತಿತ್ತು. ಅವನು ತಲೆ ಕೆರೆದುಕೊಂಡು ಕಂಬ ಹತ್ತುವ, ಆ ತುದಿಯ ಪಿನ್ ಬದಲಿಸುವ. ಮುಂದಿನ ಸಲ ವಾಯರನ್ನೇ ಪೂರ್ತಿ ಬದಲಿಸಿದ. ಅದರ ಮುಂದಿನ ಸಲ ಕ್ಯಾಮೆರಾ. ಅದಕ್ಕೂ ದುಡ್ಡು ಕೇಳಲಿಲ್ಲ.

ಒಂದು ಸಲ ಅವನು ದೇವರ ಕೋಣೆಯ ಕಡೆ ನೋಡಿ, “ಅಕ್ಕಾರ, ಒಳಗಿನ ಡಬ್ಬಿ ಒಮ್ಮೆ ನೋಡ್ಲೇನ್ರಿ? ಜಳಕಾ ಮಾಡ್ತೀನಿ” ಎಂದ. ಮೈಯೆಲ್ಲ ಧೂಳು, ಬೆವರು. ಸಂಶಿಯ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕಾಯುತ್ತಿದ್ದರು. ಒಳಗೆ ಹೋದರೆ ಪಿನ್ನಿನ ಮೇಲೆ ದಿನಾ ಕೈಯಾಡಿದ ಗುರುತು ಅವನಿಗೆ ತಿಳಿದೀತು ಎನ್ನಿಸಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

“ಯಾಕ ಜಳಕಾ? ನಾ ಮುಂಜಾನೆ ನೋಡೀನಿ. ಒಳಗ ಎಲ್ಲಾ ಛಲೋ ಐತಿ. ನಿನ್ನ ವಾಯರ್‌ದಾಗ ಏನರೆ ಇರಬೇಕು ನೋಡು.”

ಈ ಮಾತು ನನ್ನ ಬಾಯಿಂದ ಬಂತು. ಪಿನ್ ಕಿತ್ತದ್ದನ್ನು ಬೇಕಾದರೆ ಆಟವೆನ್ನಿ. ಈ ಮಾತು ಆಟವಾಗಿರಲಿಲ್ಲ. ಈರಣ್ಣ ನನ್ನನ್ನು ನಂಬಿ, ತನ್ನನ್ನು ನಂಬುವುದನ್ನು ಬಿಟ್ಟ.

ಅದೇ ಬೇಸಿಗೆಯಲ್ಲಿ ಊರ ಶಾಲೆಗೆ ಕ್ಯಾಮೆರಾ ಹಾಕಿಸುವ ಮಾತು ಬಂತು. ಈರಣ್ಣ ಆಸೆಯಿಂದ ಕಾಯುತ್ತಿದ್ದ ಕೆಲಸ. ಅದೊಂದು ಸಿಕ್ಕಿದ್ದರೆ ಸುತ್ತಲಿನ ಹಳ್ಳಿಗಳೂ ಅವನನ್ನು ಕರೆಯುತ್ತಿದ್ದವು. ಹಿರಿಯರು ನಮ್ಮವರ ಅಭಿಪ್ರಾಯ ಕೇಳಿದರು. “ಹುಡುಗ ಛಲೋ ಅದಾನ, ಆದ್ರ ಅವನ ವಾಯರ್ ನಿಲ್ಲೂದಿಲ್ರೀ” ಎಂದರು ನಮ್ಮವರು. ಅವರಿಗೆ ಗೊತ್ತಿದ್ದ ಸತ್ಯವನ್ನೇ ಹೇಳಿದ್ದರು. ಒಳಗೆ ಚಹಾ ಸೋಸುತ್ತಿದ್ದ ನಾನು ಎಲ್ಲ ಕೇಳಿಸಿಕೊಂಡೆ. ಹೊರಗೆ ಹೋಗಿ ಒಂದು ಮಾತು — ಒಂದೇ ಒಂದು ಮಾತು ಹೇಳಬಹುದಿತ್ತು. ಚಹಾ ಕೊಟ್ಟು ಒಳಗೆ ಬಂದೆ. ಕೆಲಸ ಹುಬ್ಬಳ್ಳಿಯವರ ಪಾಲಾಯಿತು.

ಮಳೆಗಾಲ ಕಳೆದು ಹೊಲದ ದಾರಿ ಒಣಗಿದ ಒಂದು ಸಂಜೆ ನಮ್ಮವರು ಬೈಕಿನ ಮೇಲೆ ಊರು ಹೊಕ್ಕರೆ ಎದುರಿಗೆ ಅವರ ತಾಯಿ! ತಲೆಮೇಲೆ ಸೆರಗು, ಬೆನ್ನು ನೆಟ್ಟಗೆ, ಸ್ಕೂಟಿಯ ಮೇಲೆ. ಪಕ್ಕದೂರಿನ ತಂಗಿಯ ಮನೆಯಲ್ಲಿ ಚಹಾ ಕುಡಿದು ಒಬ್ಬರೇ ಹಿಂದಿರುಗುತ್ತಿದ್ದರು. ಮಗನನ್ನು ಕಂಡು ಹಾರ್ನ್ ಬಾರಿಸಿ, “ಬಾಜೂಕ ಸರೀಲೇ ಬಸೂ!” ಎಂದರಂತೆ. ನಮ್ಮವರು ಸರಿದರು. ಸರಿದವರು ಬೈಕ್ ನಿಲ್ಲಿಸಿ ನಡುದಾರಿಯಲ್ಲಿ ನಗುತ್ತ ನಿಂತರಂತೆ. ಆಮೇಲೆ ಯಾಕೋ ಕಣ್ಣೊರೆಸಿಕೊಂಡರಂತೆ. ಆ ವಾರವೆಲ್ಲ ಮನೆಯಲ್ಲಿ ಹಬ್ಬ. ಓಣಿಯ ಹೆಂಗಸರೆಲ್ಲ ಬಂದು ಸ್ಕೂಟಿಗೆ ಅರಿಸಿನ-ಕುಂಕುಮ ಹಚ್ಚಿ ಹೋದರು.

“ಹಿತ್ತಲದಾಗ ಕಲತ್ರ ಕ್ಯಾಮೆರಾದಾಗ ನನಗ ಕಾಣಲಿಲ್ಲಲ್ಲ?” ಎಂದು ನಮ್ಮವರು ಕೇಳಿದಾಗ ಅತ್ತೆ ನಗುತ್ತ ಕೈಮುಗಿದರು. “ಈರಣ್ಣನ ಕೆಟ್ಟ ವಾಯರಿಗೆ ಶರಣಂತೀನಿ ನೋಡಪಾ. ಅದು ನೆಟ್ಟಗಿದ್ರ ನಾ ಎಲ್ಲಿ ಕಲೀತಿದ್ನಿ!” ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಆಗ ಹೇಳಿದ್ದರೆ ಇನ್ನೊಂದು ನಗುವಿನಲ್ಲಿ ಮುಗಿದುಹೋಗುತ್ತಿತ್ತೋ ಏನೋ — ಆದರೆ ಹೇಳಿದರೆ ದೇವರ ಕೋಣೆಯ ಸಂಗತಿ ಹೊರಬೀಳುತ್ತಿತ್ತು. ಬಣವಿಯ ಬುಡದಲ್ಲಿ ನನಗೆ ಸಿಕ್ಕಿದ್ದ ಅತ್ತೆಯನ್ನು ಕಳೆದುಕೊಂಡೇನೆಂಬ ಭಯ ನನ್ನದು. ಈರಣ್ಣ ಏನು ಕಳೆದುಕೊಂಡನೆಂದು ನಾನು ಯೋಚಿಸಲಿಲ್ಲ.

ಹೀಗೆಯೇ ವರ್ಷಗಳು ಕಳೆದವು. ಮೊನ್ನೆ ಅತ್ತೆ ನನ್ನನ್ನು ಹಿಂದೆ ಕೂರಿಸಿಕೊಂಡು ಸಂಶಿಗೆ ಹೊರಟರು, ಮೊಬೈಲಿಗೊಂದು ಗ್ಲಾಸು ಹಾಕಿಸಲು. ಈರಣ್ಣನ ಅಂಗಡಿಯ ಹಲಗೆಯಲ್ಲಿ ಕ್ಯಾಮೆರಾದ ಚಿತ್ರ ಇರಲಿಲ್ಲ. ಒಳಗೆ ನಾಲ್ಕು ಮಂದಿ ಕುಳಿತಿದ್ದರು. ಅತ್ತೆ ಗಾಡಿ ನಿಲ್ಲಿಸಿದ್ದನ್ನು ನೋಡಿ ಈರಣ್ಣನಿಗೆ ಖುಷಿಯೋ ಖುಷಿ. ಕುರ್ಚಿ ಎಳೆದ, ಚಹಾ ಹೇಳಿದ. ಕ್ಯಾಮೆರಾ ಕೆಲಸ ಯಾಕೆ ಬಿಟ್ಟೆ ಎಂದು ಅತ್ತೆ ಕೇಳಿದರು.

“ನನ್ನ ಕೈಗುಣ ಸರಿ ಇಲ್ರೀ ಅಮ್ಮಾರ” ಎಂದ, ನಗುತ್ತಲೇ. “ನಿಮ್ಮ ಮನೀದ ಒಂದ ವಾಯರ್ ಏನ್ ಮಾಡಿದ್ರೂ ತಿಳೀಲಿಲ್ಲ. ಆಮ್ಯಾಗ ಎಲ್ಲೆ ಹೋದ್ರೂ ಕೈ ನಡಗಾಕತ್ತು. ಇದೂ ನಿಲ್ಲೂದಿಲ್ಲೇನೋ ಅಂತ.”

ಅತ್ತೆ ಅವನನ್ನು ಸಮಾಧಾನ ಮಾಡಲೆಂದೇ, “ಬಿಡೋ, ಆ ಕೆಟ್ಟ ವಾಯರಿಂದನ ನಾ ಗಾಡಿ ಕಲತೆ” ಎಂದರು. ಕುಳಿತವರು ನಕ್ಕರು. ಈರಣ್ಣನೂ ನಕ್ಕ. ಅವನ ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

“ವಾಯರ್ ಕೆಟ್ಟಿರ್ಲಿಲ್ಲ ಈರಣ್ಣಾ” ಎಂದೆ. “ನಾನ ದಿನಾ ಪಿನ್ ಕೀಳತಿದ್ದೆ. ನೀ ಬರೂದ್ರಾಗ ಹಾಕತಿದ್ದೆ.” ಅತ್ತೆಯ ಕಡೆ ತಿರುಗಿದೆ. “ದೇವರ ಕ್ವಾಣ್ಯಾಗ ಹೋಗಿ, ಅತ್ತ್ಯಾರ. ಜಳಕಾ ಇಲ್ದ.”

ಚಹಾ ತಂದವನೂ ಅಲ್ಲೇ ನಿಂತ. ಅತ್ತೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ ಎಂದರು: “ದೇವರಿಗೆ ಗೊತ್ತಿತ್ತು. ಅಂವ ಎದುರಿಗೇ ಕುಂತಿದ್ದ. ನನ್ನ ಸಿಟ್ಟ ನಾ ನೋಡ್ಕೋತೀನಿ, ಮನೀಗೆ ನಡಿ. ಈ ಹುಡುಗಗ ಏನ್ ಹೇಳ್ತೀ?”

ಈರಣ್ಣ ತನಗೇ ಹೇಳಿಕೊಳ್ಳುವಂತೆ ಕೇಳಿದ: “ಹಂಗಾದ್ರ ವಾಯರ್‌ದಾಗ ಏನೂ ಇರ್ಲಿಲ್ಲ?”

“ಏನೂ ಇರ್ಲಿಲ್ಲ.”

“ಪಿನ್ನೂ ಸರಿ ಇತ್ತು?”

“ಎಲ್ಲಾ ಸರಿ ಇತ್ತು.”

ಅವನು ನಕ್ಕುಬಿಟ್ಟ. ಮೊದಲಿನ ಈರಣ್ಣನ ನಗು — ಪಂಜೆ ಸಡಿಲಾಗುವಷ್ಟು ನಕ್ಕಿದ್ದನಲ್ಲ, ಆ ನಗು. “ಕೇಳಿದ್ರೇನ್ರೋ, ಎಲ್ಲಾ ಸರಿ ಇತ್ತಂತ!” ಎಂದು ಕುಳಿತವರಿಗೆಲ್ಲ ಹೇಳಿದ. ನನಗೂ ಎದೆ ಹಗುರಾಯಿತು, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನ ನಗು ನಿಂತಿತು. ನನ್ನ ಮುಖ ನೋಡಿದ.

“ಒಂದ ಮಾತ ಹೇಳಿದ್ರ ಆಗ್ತಿತ್ತಲ್ರೀ ಅಕ್ಕಾರ. ಅಮ್ಮಾರ ಕಲಿಯೂ ತನಕಾ ನಾನ ಅದನ್ನ ಬಂದ್ ಮಾಡಿ ಇಡತಿದ್ದೆ. ಬಸಣ್ಣಾರಿಗೆ ನಾನ ಏನರೆ ಹೇಳತಿದ್ದೆ. ಹಿಂದಿಂದ ಗಾಡಿ ಹಿಡ್ಯಾಕೂ ಬರತಿದ್ದೆ.”

ಅವನು ‘ಇರಲಿ ಬಿಡ್ರಿ’ ಎನ್ನಲಿಲ್ಲ, ಅನ್ನಲಿ ಎಂದು ನಾನೂ ಕಾಯಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಶಾಲೆಯ ಹಿರಿಯರ ಮನೆಗೂ ಹೋಗಿ ಹೇಳಿ ಬಂದೆ. ಈರಣ್ಣನ ಹೆಸರು ಎಲ್ಲೆಲ್ಲಿ ಕೆಟ್ಟಿತ್ತೋ ಅಲ್ಲೆಲ್ಲ ಹೇಳುತ್ತೇನೆ. ನಾನು ಹೋಗಲಾರದ ಮನೆಗಳಿಗೆ ಈ ಬರಹ ಹೋಗಲಿ. ಶಾಲೆಯ ಕೆಲಸ ಅವನಿಗೆ ಮರಳಿ ಬರುವುದಿಲ್ಲ, ಅದು ನನಗೆ ಗೊತ್ತು. ಆ ಹಿತ್ತಲಿನ ಮಧ್ಯಾಹ್ನಗಳಲ್ಲಿ ನಾವು ಇಬ್ಬರೇ ನಕ್ಕೆವು. ಮೂರನೆಯವನು ಆಮೇಲೆ ಬಂದು ಅದೇ ಹಿತ್ತಲಿನ ಕಂಬದ ಮೇಲೆ ತನ್ನ ತಪ್ಪು ಹುಡುಕುತ್ತಿದ್ದ. ಕರೆದಿದ್ದರೆ ಅವನು ಬರುತ್ತಿದ್ದ. ನಾನು ಕರೆಯಲಿಲ್ಲ.